ಅಪರೂಪದ ದಿನಕ್ಕಾಗಿ ಒಂದು ದೊಡ್ಡ ಕಾರು

ಮನೆ ಕಟ್ಟಿಸಿ, ಮಕ್ಕಳ ಓದು ಮುಗಿಸಿದ ಮಧ್ಯಮ ವರ್ಗದ ಕುಟುಂಬವೊಂದು ಆಮೇಲೆ ಮಾಡುವ ದೊಡ್ಡ ವೆಚ್ಚವೆಂದರೆ ಕಾರಿನದು. ಕೆಲವು ವರ್ಷಗಳ ಹಿಂದಿನವರೆಗೆ ಈ ಚರ್ಚೆ ಪೆಟ್ರೋಲೋ ಡೀಸೆಲ್ಲೋ ಎಂಬಲ್ಲಿಗೆ ಮುಗಿಯುತ್ತಿತ್ತು. ಈಗ ಪ್ರಶ್ನೆ ಬದಲಾಗಿದೆ. ವಿದ್ಯುತ್ ಚಾಲಿತ ಎಸ್‌ಯುವಿ ಕೊಳ್ಳಬೇಕೆ, ಇಲ್ಲವೇ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ದೊಡ್ಡ ಪೆಟ್ರೋಲ್ ಗಾಡಿಯನ್ನೇ ಆರಿಸಬೇಕೆ? ಕೈಯಲ್ಲಿ ಹಣವಿರುವವರ ಮನೆಯೊಳಗಿನ ವಿಚಾರವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಸರ್ಕಾರ ಬಿಟ್ಟುಕೊಡುವ ತೆರಿಗೆ, ಎಲ್ಲರೂ ಹಂಚಿಕೊಳ್ಳುವ ವಿದ್ಯುತ್ತು, ಎಲ್ಲರೂ ನಡೆದಾಡುವ ರಸ್ತೆ ಈ ಮೂರನ್ನೂ ಅದು ಮುಟ್ಟುತ್ತದೆ. ಹಾಗಾಗಿ ಇದು ಸಾರ್ವಜನಿಕ ಪ್ರಶ್ನೆಯೂ ಹೌದು.

ನಮ್ಮ ಕುಟುಂಬದಲ್ಲೂ ಈ ಚರ್ಚೆ ನಡೆದಿದೆ. ನಾವು ಮೂಲತಃ ವ್ಯಾಸರಾಜ ಮಠದ ಹೆಸರಿನಿಂದ ನಾಡಿಗೆ ಪರಿಚಿತವಾಗಿರುವ ಸೋಸಲೆಯವರು. ತಿ. ನರಸೀಪುರ ತಾಲ್ಲೂಕಿನ ಈ ಊರು ಮೈಸೂರಿಗೆ ಸುಮಾರು 35 ಕಿ.ಮೀ. ದೂರದಲ್ಲಿದೆ. ಅಣ್ಣನ ಸಂಸಾರ ಮೈಸೂರಿನಲ್ಲಿದೆ, ಅಮ್ಮ ಊರಿನ ಮನೆಯಲ್ಲಿದ್ದಾರೆ. ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಹೋಗಿಬರಬೇಕು. ಅಣ್ಣನ ಒಲವು ಪೆಟ್ರೋಲ್ ಫೋರ್‌ವೀಲ್ ಡ್ರೈವ್ ಕಡೆಗೆ. ‘ಊರ ಕಡೆ ರಸ್ತೆ, ಮಳೆಗಾಲ, ಗದ್ದೆ ಬದಿಯ ದಾರಿ. ಗಾಡಿ ಗಟ್ಟಿಯಾಗಿರಬೇಕು’ ಎನ್ನುವುದು ಅವನ ವಾದ. ಅವನ ಮಗ ಒಪ್ಪುವುದಿಲ್ಲ. ‘ಅಪ್ಪ, ಈ ಕಾಲದಲ್ಲಿ ಪೆಟ್ರೋಲ್ ಗಾಡಿಗೆ ಮೂವತ್ತು ಲಕ್ಷ ಹಾಕೋದಾ?’ ಎನ್ನುತ್ತಾನೆ. ‘ಎಲ್ಲರೂ ಕೂತು ಮಂತ್ರಾಲಯಕ್ಕೆ ಹೊರಟಾಗ ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಏನು ಮಾಡ್ತೀಯಪ್ಪ?’ ಎಂದು ಅಣ್ಣ ಬಾಯಿ ಮುಚ್ಚಿಸುತ್ತಾನೆ. ಲೆಕ್ಕ ಹಾಕಿ ಹೇಳುವ ಹೊಣೆ ನನ್ನ ಪಾಲಿಗೆ ಬಂತು.

ಲೆಕ್ಕಕ್ಕೆ ಕುಳಿತಾಗ ನನಗೆ ಮೊದಲು ಕಂಡದ್ದು ಈ ವಾದಗಳ ಸ್ವರೂಪ. ಫೋರ್‌ವೀಲ್ ಡ್ರೈವ್ ಬೇಕೆನ್ನುವುದು ವರ್ಷಕ್ಕೆ ಒಂದೆರಡು ದಿನ ಎದುರಾಗಬಹುದಾದ ಕೆಸರಿನ ದಾರಿಗಾಗಿ. ವಿದ್ಯುತ್ ಕಾರು ಬೇಡವೆನ್ನುವುದು ವರ್ಷಕ್ಕೊಮ್ಮೆ ಹೋಗುವ ಐನೂರು ಕಿಲೋಮೀಟರಿನ ಯಾತ್ರೆಗಾಗಿ. ವಿದ್ಯುತ್ ಕಾರನ್ನೇ ಬಯಸುವವರು ಕೂಡ ಇದೇ ಭಯದಿಂದ ಅತಿ ದೊಡ್ಡ ಬ್ಯಾಟರಿಯಿರುವ ಮಾದರಿಯನ್ನು ಹುಡುಕುತ್ತಾರೆ. ಹೀಗೆ ಮೂವತ್ತು ಲಕ್ಷದ ತೀರ್ಮಾನವನ್ನು ವರ್ಷದ ಹತ್ತು ಹದಿನೈದು ಅಪರೂಪದ ದಿನಗಳು ನಿರ್ಧರಿಸುತ್ತವೆ. ಉಳಿದ 350 ದಿನಗಳು ಲೆಕ್ಕಕ್ಕೇ ಬರುವುದಿಲ್ಲ. ನನ್ನ ಮಾತು ಇಷ್ಟೇ: ಕಾರನ್ನು ಆ 350 ದಿನಗಳಿಗಾಗಿ ಆರಿಸಬೇಕು. ಅಪರೂಪದ ದಿನಕ್ಕೆ ಬೇಕಾದ ವ್ಯವಸ್ಥೆಯನ್ನು ಸಮಾಜವಾಗಿ ನಾವೆಲ್ಲ ಸೇರಿ ಕಟ್ಟಿಕೊಳ್ಳಬೇಕು.

ಮೊದಲು ರಸ್ತೆಯ ವಿಚಾರ. ಕೇರಳದ ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳ ಮೂಲಕ ಬರುವ ರಾಷ್ಟ್ರೀಯ ಹೆದ್ದಾರಿ 766 ವರುಣಾ, ತಿ. ನರಸೀಪುರಗಳನ್ನು ದಾಟಿ ಕೊಳ್ಳೇಗಾಲಕ್ಕೆ ಹೋಗುತ್ತದೆ. ನಮ್ಮವರು ಊರಿಗೆ ಹೋಗುವುದು ಇದೇ ದಾರಿಯಲ್ಲಿ. ಡಾಂಬರು ಅಲ್ಲಲ್ಲಿ ಕಿತ್ತಿರಬಹುದು, ಉಬ್ಬುಗಳು ಹೆಚ್ಚಾಗಿರಬಹುದು. ಆದರೆ ಅಲ್ಲಿ ಬೇಕಾದದ್ದು ನೆಲದಿಂದ ತುಸು ಎತ್ತರವಿರುವ ಗಾಡಿ ಮತ್ತು ತಾಳ್ಮೆಯಿರುವ ಚಾಲಕ. ನಾಲ್ಕೂ ಚಕ್ರಗಳಿಗೆ ಬಲ ಹಾಯಿಸುವ ವ್ಯವಸ್ಥೆ ಕೆಲಸಕ್ಕೆ ಬರುವುದು ಮರಳು, ಕೆಸರು, ಕಡಿದಾದ ಮಣ್ಣಿನ ಏರುಗಳಂತಹ ಕಡೆ, ಚಕ್ರ ಜಾರಿ ಹಿಡಿತ ತಪ್ಪಿದಾಗ. ಗುಂಡಿ ಬಿದ್ದ ಡಾಂಬರು ರಸ್ತೆಯಲ್ಲಿ ಅದರಿಂದ ವಿಶೇಷ ಪ್ರಯೋಜನವಿಲ್ಲ.

ಪ್ರವಾಹ ಬಂದರೆ? 2018 ಮತ್ತು 2019ರ ಮಳೆಗಾಲಗಳಲ್ಲಿ ಕಬಿನಿ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ನಂಜನಗೂಡಿನ ಬಳಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯ ಮೇಲೆಯೇ ನೀರು ಹರಿಯಿತು, ಸಂಚಾರ ನಿಂತಿತು. ಅಂತಹ ದಿನ ಗಾಡಿ ಎಂಥದ್ದು ಎನ್ನುವುದು ಮುಖ್ಯವಾಗುವುದಿಲ್ಲ. ರಸ್ತೆ ಮುಚ್ಚಿದಾಗ ಎಲ್ಲರಿಗೂ ಮುಚ್ಚುತ್ತದೆ. ಹರಿಯುವ ನೀರು ಎರಡು ಟನ್ನಿನ ವಾಹನವನ್ನೂ ಎತ್ತಿ ಸರಿಸಬಲ್ಲದು, ಅದಕ್ಕೆ ಇಳಿಯುವ ಧೈರ್ಯವನ್ನು ಯಾವ ಗಾಡಿಯೂ ಕೊಡಬಾರದು. ಬೆಟ್ಟದ ರಸ್ತೆಯ ಕನಸಿನ ಗತಿಯೂ ಇಷ್ಟೇ. ನಮ್ಮ ಸೀಮೆಯವರು ಮಕ್ಕಳನ್ನು ಕರೆದುಕೊಂಡು ಹೋಗುವ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು. ಅಷ್ಟಕ್ಕೂ ನಾಲ್ಕು ಚಕ್ರಗಳ ಬಲ ಈಗ ಪೆಟ್ರೋಲಿನ ಸೊತ್ತಾಗಿ ಉಳಿದಿಲ್ಲ. 2025ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಹ್ಯಾರಿಯರ್‌ನ ವಿದ್ಯುತ್ ಮಾದರಿಯಲ್ಲಿ ಮುಂದೊಂದು ಹಿಂದೊಂದು ಮೋಟಾರು ಇಟ್ಟು ನಾಲ್ಕೂ ಚಕ್ರಗಳನ್ನು ನಡೆಸುವ ಅವತರಣಿಕೆಯೂ ಇದೆ.

ಇನ್ನು ದೂರದ ಪ್ರಶ್ನೆ. ಈ ಗಾತ್ರದ ವಿದ್ಯುತ್ ಗಾಡಿಗಳಲ್ಲಿ 75 ಯೂನಿಟ್ ಹಿಡಿಸುವ ಬ್ಯಾಟರಿ ಸಾಮಾನ್ಯವಾಗುತ್ತಿದೆ. ಪರೀಕ್ಷೆಯ ಅಂಕಿ ಆರುನೂರು ಕಿ.ಮೀ. ದಾಟಿದರೂ ನಮ್ಮ ರಸ್ತೆಗಳಲ್ಲಿ ಮುನ್ನೂರೈವತ್ತರಿಂದ ನಾನೂರು ಎಂದು ಹಿಡಿಯುವುದು ಕ್ಷೇಮ. ಸೋಸಲೆಗೆ ಹೋಗಿಬರಲು 70 ಕಿ.ಮೀ. ಸಾಕು. ಅದಕ್ಕೆ ಬೇಕಾದ ಸುಮಾರು 14 ಯೂನಿಟ್ ವಿದ್ಯುತ್ತನ್ನು ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ನಾಲ್ಕೈದು ಗಂಟೆಯಲ್ಲಿ ತುಂಬಿಕೊಳ್ಳಬಹುದು. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ವೇಗವಾಗಿ ತುಂಬುವ ಏಳು ಕಿಲೋವಾಟಿನ ಚಾರ್ಜರ್ ಹಾಕಿಸಬೇಕೆಂದರೆ ಮಾತ್ರ ಚೆಸ್ಕಾಂಗೆ ಅರ್ಜಿ ಕೊಟ್ಟು ಮನೆಗೆ ಮಂಜೂರಾದ ವಿದ್ಯುತ್ ಹೊರೆಯನ್ನು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಮಂತ್ರಾಲಯಕ್ಕೆ ಹೊರಟರೆ ದಾರಿಯಲ್ಲಿ ಒಂದೆರಡು ಕಡೆ ನಿಂತು ಚಾರ್ಜ್ ಮಾಡಬೇಕು. ಊಟ ತಿಂಡಿಗೆ ಹೇಗೂ ನಿಲ್ಲುತ್ತೇವೆ. ಆದರೂ ಕೇಂದ್ರ ಎಲ್ಲಿದೆ, ಅದು ಕೆಲಸ ಮಾಡುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಬೇಕೆನ್ನುವುದು ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ.

ಹಣದ ಲೆಕ್ಕ ಇನ್ನೂ ಸ್ಪಷ್ಟ. ಅಣ್ಣನ ಮನೆಯ ಓಡಾಟ ವರ್ಷಕ್ಕೆ 12 ಸಾವಿರ ಕಿ.ಮೀ. ದೊಡ್ಡ ಪೆಟ್ರೋಲ್ ಗಾಡಿ ಲೀಟರಿಗೆ 9 ಕಿ.ಮೀ. ಓಡುತ್ತದೆ ಎಂದುಕೊಂಡರೆ 1,333 ಲೀಟರ್ ಬೇಕು. ಲೀಟರಿಗೆ 102 ರೂಪಾಯಿಯಂತೆ ಅದು 1.35 ಲಕ್ಷ ರೂಪಾಯಿ ದಾಟುತ್ತದೆ. ಅಷ್ಟೇ ದೂರಕ್ಕೆ ದೊಡ್ಡ ವಿದ್ಯುತ್ ಗಾಡಿ, ಚಾರ್ಜಿಂಗ್‌ನಲ್ಲಿ ಆಗುವ ನಷ್ಟವನ್ನೂ ಸೇರಿಸಿ, ಯೂನಿಟ್ಟಿಗೆ 5 ಕಿ.ಮೀ. ಎಂದರೂ 2,400 ಯೂನಿಟ್ ಬಳಸುತ್ತದೆ. ಮನೆಯಲ್ಲೇ ತುಂಬಿದರೆ ಯೂನಿಟ್ಟಿಗೆ ಆರೂವರೆ ರೂಪಾಯಿಯಂತೆ 16 ಸಾವಿರದೊಳಗೆ ಮುಗಿಯುತ್ತದೆ. ಎಲ್ಲವನ್ನೂ ಹೊರಗಿನ ವೇಗದ ಚಾರ್ಜರ್‌ಗಳಲ್ಲಿ 20 ರೂಪಾಯಿಯಂತೆ ತುಂಬಿದರೂ 48 ಸಾವಿರ. ಕೊಳ್ಳುವಾಗಿನ ತೆರಿಗೆಯಲ್ಲೂ ಅಂತರ ದೊಡ್ಡದು. ವಿದ್ಯುತ್ ವಾಹನದ ಮೇಲಿನ ಜಿಎಸ್‌ಟಿಯನ್ನು 2019ರ ಆಗಸ್ಟ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ದರಗಳನ್ನು ಪರಿಷ್ಕರಿಸಿದಾಗಲೂ ಅದನ್ನು ಹಾಗೆಯೇ ಉಳಿಸಿ, ದೊಡ್ಡ ಪೆಟ್ರೋಲ್ ಕಾರುಗಳಿಗೆ ಶೇ 40 ಎಂದು ನಿಗದಿ ಮಾಡಲಾಯಿತು.

ಈ ಎರಡರಲ್ಲೇ ಒಂದನ್ನು ಆರಿಸಬೇಕೆಂದರೆ, ಮೈಸೂರು ಸೋಸಲೆಗಳ ನಡುವೆ ಓಡಾಡುವ ಕುಟುಂಬಕ್ಕೆ ವಿದ್ಯುತ್ ಗಾಡಿಯೇ ಸರಿ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ.

ಮೇಲಿನ 2,400 ಯೂನಿಟ್ಟನ್ನು ಹನ್ನೆರಡು ತಿಂಗಳಿಗೆ ಹಂಚಿ ನೋಡಿ. ತಿಂಗಳಿಗೆ ಸರಿಯಾಗಿ 200 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಉಚಿತವಾಗಿ ಸಿಗಬಹುದಾದ ವಿದ್ಯುತ್ತಿನ ಗರಿಷ್ಠ ಮಿತಿಯೂ ಅಷ್ಟೇ. ಅದೂ ಎಲ್ಲರಿಗೂ ಇನ್ನೂರು ಸಿಗುವುದಿಲ್ಲ, ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ. ಅಂದರೆ ದೀಪ, ಫ್ಯಾನು, ಟಿ.ವಿ., ಮಿಕ್ಸಿ, ಫ್ರಿಜ್ ಎಲ್ಲ ಸೇರಿ ಒಂದು ಸಂಸಾರಕ್ಕೆ ಸಾಕೆಂದು ಸರ್ಕಾರ ಎಣಿಸಿದಷ್ಟು ವಿದ್ಯುತ್ತನ್ನು ಒಂದು ದೊಡ್ಡ ಕಾರು ತಾನೊಂದೇ ಬಳಸುತ್ತದೆ. ಬಳಸುವವರು ಅದಕ್ಕೆ ದುಡ್ಡು ಕೊಡುತ್ತಾರೆ, ನಿಜ. ಆದರೆ ವಿದ್ಯುತ್ತೆಂಬುದು ದುಡ್ಡು ಕೊಟ್ಟೊಡನೆ ಆಕಾಶದಿಂದ ಇಳಿಯುವ ವಸ್ತುವಲ್ಲ. ಬಹುತೇಕ ರಾಜ್ಯವೇ ಬರಪೀಡಿತವೆಂದು ಘೋಷಣೆಯಾದ 2023ರಲ್ಲಿ ವಿದ್ಯುತ್ ಕೊರತೆ ಹೇಗಿತ್ತೆಂಬುದನ್ನು ಪಂಪ್‌ಸೆಟ್ ನಂಬಿದ ರೈತರು ಮರೆತಿಲ್ಲ. ಅವರಿಗೆ ಕೊಡುವುದಾಗಿ ಸರ್ಕಾರ ಹೇಳುವುದೇ ದಿನಕ್ಕೆ 7 ತಾಸು ತ್ರೀಫೇಸ್ ವಿದ್ಯುತ್ತು.

ನಮ್ಮ ಸೀಮೆಯವರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ತಿ. ನರಸೀಪುರದಲ್ಲಿ ಕಬಿನಿಯನ್ನು ಕೂಡಿಕೊಂಡ ಕಾವೇರಿ ತಲಕಾಡನ್ನು ಬಳಸಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ತಂತಿಯ ಮೇಲೆ ಸಾಗಿ ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರಿಗೆ ಬೆಳಕು ಬಂತು. ನದಿಯ ದಂಡೆಯ ಹಳ್ಳಿಗಳು ಆಮೇಲೂ ಬಹುಕಾಲ ಸೀಮೆಎಣ್ಣೆ ದೀಪದಲ್ಲೇ ಇದ್ದವು. ಏಷ್ಯಾದ ಮೊದಲ ಸಾಲಿನ ಆ ಸಾಧನೆಯ ಬಗ್ಗೆ ನಾವು ಹೆಮ್ಮೆ ಪಡುವುದು ನ್ಯಾಯವೇ. ಜೊತೆಗೆ ವಿದ್ಯುತ್ತು ಹೊಸದಾಗಿ ಎಲ್ಲಿಗೆ ಹರಿದರೂ ಅದು ಯಾರ ಸರದಿ ಎಂದು ಕೇಳುವ ಅಭ್ಯಾಸವೂ ನಮಗಿರಬೇಕು.

ಹಾಗೆಂದು ಪೆಟ್ರೋಲು ನಿರಪರಾಧಿಯಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತೇವೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆತಿದೆ. ಆ ಎಥನಾಲಿನ ಒಂದು ಪಾಲು ಬರುವುದು ಕಬ್ಬಿನಿಂದ, ಮತ್ತೊಂದು ಪಾಲು ಮೆಕ್ಕೆಜೋಳ ಮತ್ತು ಅಕ್ಕಿಯಿಂದ. ಕಬ್ಬು ಎಷ್ಟು ನೀರು ಕೇಳುವ ಬೆಳೆ ಎಂಬುದನ್ನು ಕಬಿನಿ ಮತ್ತು ಕಾವೇರಿ ನಾಲೆಗಳ ಅಚ್ಚುಕಟ್ಟಿನವರಿಗೆ ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಇಂಧನ ಯಾವುದಾದರೂ ನೆಲ, ನೀರು, ಕಲ್ಲಿದ್ದಲುಗಳಿಗೆ ಎಲ್ಲೋ ಒಂದು ಕಡೆ ಲೆಕ್ಕ ಸಂದಾಯವಾಗಲೇಬೇಕು. ಆ ಲೆಕ್ಕ ಹಗುರವಾಗಬೇಕಾದರೆ ವಾಹನ ಹಗುರವಾಗಬೇಕು.

ನಮ್ಮ ಚರ್ಚೆಯಲ್ಲಿ ಬಿಟ್ಟುಹೋಗಿರುವುದು ಈ ತೂಕದ ಮಾತೇ. ಭಾರತದ ವಿದ್ಯುತ್ ಕಾರಿನ ಕಥೆ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಮೈನಿ ಸಮೂಹ 2001ರಲ್ಲಿ ಮಾರುಕಟ್ಟೆಗೆ ತಂದ ರೇವಾ ಎರಡು ಬಾಗಿಲಿನ ಪುಟ್ಟ ಗಾಡಿ. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಇಲ್ಲಿ ಮಾತ್ರ ಅದನ್ನು ಆಟಿಕೆಯೆಂದು ನಕ್ಕವರೇ ಹೆಚ್ಚು. 2010ರಲ್ಲಿ ಆ ಕಂಪನಿಯ ಬಹುಪಾಲು ಷೇರು ಮಹೀಂದ್ರ ಸಂಸ್ಥೆಯ ಕೈಸೇರಿತು. ಈಗ ವಿದ್ಯುತ್ ಕಾರಿಗೆ ಮರ್ಯಾದೆ ಬಂದಿದೆ. ಅದು ಬಂದದ್ದು ಕಾರು ಎರಡು ಟನ್ ತೂಗತೊಡಗಿದ ಮೇಲೆ. 75 ಯೂನಿಟ್ಟಿನ ಬ್ಯಾಟರಿಯ ತೂಕವೇ ನಾನೂರು ಕಿಲೋ ದಾಟುತ್ತದೆ. ಅಷ್ಟು ಬ್ಯಾಟರಿಯಲ್ಲಿ, ತಲಾ 3 ಯೂನಿಟ್ಟಿನಂತೆ, 25 ವಿದ್ಯುತ್ ಸ್ಕೂಟರ್‌ಗಳನ್ನು ಓಡಿಸಬಹುದು. ವರ್ಷದ ಹೆಚ್ಚಿನ ದಿನಗಳಲ್ಲಿ ಮೂವತ್ತು ನಲವತ್ತು ಕಿ.ಮೀ. ಓಡುವ ಕಾರು, ಮಂತ್ರಾಲಯದ ದಾರಿಗೆಂದು ಹೊತ್ತ ಈ ಭಾರವನ್ನು ದಿನವೂ ತರಕಾರಿ ಮಾರುಕಟ್ಟೆಗೆ ಹೊತ್ತೊಯ್ಯುತ್ತದೆ.

ಭಾರವಾದ ಗಾಡಿ ಸುರಕ್ಷಿತ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2023ರ ಮೇ 29ರಂದು ನಮ್ಮ ತಾಲ್ಲೂಕಿನ ಕುರುಬೂರು ಬಳಿ ಕೊಳ್ಳೇಗಾಲ ರಸ್ತೆಯಲ್ಲಿ ಖಾಸಗಿ ಬಸ್ಸು ಮತ್ತು ಕಾರು ಮುಖಾಮುಖಿಯಾಗಿ ಹತ್ತು ಜನ ಪ್ರಾಣ ಕಳೆದುಕೊಂಡರು. ಅವರು ದೂರದ ಬಳ್ಳಾರಿ ಕಡೆಯಿಂದ ಪ್ರವಾಸ ಬಂದವರು. ಆ ಸುದ್ದಿ ಕೇಳಿದ ಮೇಲೆ ತನ್ನವರನ್ನು ಗಟ್ಟಿ ಗಾಡಿಯಲ್ಲಿ ಕೂರಿಸಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಆ ಕಾರು ಕೂಡ ಚಿಕ್ಕದಾಗಿರಲಿಲ್ಲ, ಅದು ಇನ್ನೋವಾ. ಬಸ್ಸಿನ ಎದುರು ಎಲ್ಲ ಕಾರುಗಳೂ ಹಗುರ. ಇತ್ತ, ನಮ್ಮ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರಾಕ್ಟರುಗಳ ಪಕ್ಕದಲ್ಲೇ ಸೈಕಲ್ ತುಳಿಯುವ ಹುಡುಗರು, ಬೈಕಿನಲ್ಲಿ ಮೂವರಾಗಿ ಹೋಗುವ ಸಂಸಾರಗಳು, ಹುಲ್ಲಿನ ಹೊರೆ ಹೊತ್ತು ನಡೆಯುವ ಹೆಂಗಸರು ಇದ್ದಾರೆ. ಎರಡು ಟನ್ನಿನ ಗಾಡಿ ಒಳಗೆ ಕೂತವರಿಗೆ ಕೊಡುವ ರಕ್ಷಣೆಯ ಬೆಲೆಯನ್ನು ಅಪಘಾತವಾದಾಗ ಹೊರಗಿರುವ ಇವರು ತೆರುತ್ತಾರೆ. ವೇಗಕ್ಕೆ ಮಿತಿ, ರಸ್ತೆಗೆ ಅಂಚು, ರಾತ್ರಿ ಬೆಳಕು ಇವು ಎಲ್ಲರನ್ನೂ ಕಾಯುವ ಉಪಾಯಗಳು. ಗಾಡಿಯ ತೂಕ ಒಂದು ಮನೆಯನ್ನಷ್ಟೇ ಕಾಯುತ್ತದೆ.

ಸರ್ಕಾರದ ನೀತಿ ಇಲ್ಲಿ ಕಣ್ಣು ತೆರೆಯಬೇಕು. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆ ದೂರದೃಷ್ಟಿಯನ್ನು ಮೆಚ್ಚಲೇಬೇಕು. 2024ರಲ್ಲಿ 25 ಲಕ್ಷ ರೂಪಾಯಿಗಿಂತ ಬೆಲೆಬಾಳುವ ವಿದ್ಯುತ್ ಕಾರುಗಳಿಗೆ ಶೇ 10 ಜೀವಿತಾವಧಿ ತೆರಿಗೆ ವಿಧಿಸಿದ್ದು ಸರಿಯಾದ ಹೆಜ್ಜೆ. ಆದರೆ ಶೇ 5ರ ಜಿಎಸ್‌ಟಿ ಮಾತ್ರ ಪುಟ್ಟ ಕಾರಿಗೂ ಎರಡು ಟನ್ನಿನ ಗಾಡಿಗೂ ಒಂದೇ. ಬೆಲೆಯ ಜೊತೆಗೆ ತೂಕವನ್ನೂ ತೆರಿಗೆಗೆ ಆಧಾರವಾಗಿಸಬೇಕು. ಹಗುರವಾದ ವಿದ್ಯುತ್ ವಾಹನಕ್ಕೆ ಪೂರ್ಣ ರಿಯಾಯಿತಿ ಇರಲಿ, ಭಾರ ಹೆಚ್ಚಿದಂತೆ ಅದು ಕಡಿಮೆಯಾಗಲಿ. ಹಾಗೆ ಉಳಿದ ಹಣ ಹೋಗಬೇಕಾದ ಜಾಗವೂ ಸ್ಪಷ್ಟವಿದೆ. ಬೆಂಗಳೂರಿನಲ್ಲಿ ಬಿಎಂಟಿಸಿ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳನ್ನು ಓಡಿಸುತ್ತಿದೆ. ಬೆಂಗಳೂರು–ಮೈಸೂರು ನಡುವೆ ಕೆಎಸ್‌ಆರ್‌ಟಿಸಿ 2023ರಲ್ಲೇ ವಿದ್ಯುತ್ ಬಸ್ಸು ಆರಂಭಿಸಿತು. ಮೈಸೂರಿನಿಂದ ತಾಲ್ಲೂಕು ಕೇಂದ್ರಗಳಿಗೆ, ಅಲ್ಲಿಂದ ಹೋಬಳಿಗಳಿಗೆ ಸಾಗುವ ಬಸ್ಸುಗಳಿಗೂ ಆ ಭಾಗ್ಯ ಬರಬೇಕು. ಮೂವತ್ತು ನಲವತ್ತು ಕಿ.ಮೀ.ಗಳ ಇಂತಹ ನಿಗದಿತ ದಾರಿಗಳು ಬ್ಯಾಟರಿ ವಾಹನಕ್ಕೆ ಹೇಳಿ ಮಾಡಿಸಿದಂತಿವೆ.

ಚಾರ್ಜಿಂಗ್ ಕೇಂದ್ರಗಳ ಹಂಚಿಕೆಯೂ ಹಾಗೆಯೇ. 2024ರ ಕೊನೆಗೆ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಕೇಂದ್ರಗಳಿದ್ದವು, ದೇಶದಲ್ಲಿ ಅದೇ ಮೊದಲ ಸ್ಥಾನ. ಆದರೆ ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಪ್ರತಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಅಂಗಳದಲ್ಲಿ, ಯಾತ್ರಾಸ್ಥಳಗಳಲ್ಲಿ ಕೆಟ್ಟುನಿಲ್ಲದ ನಾಲ್ಕಾರು ಚಾರ್ಜರ್‌ಗಳಿದ್ದರೆ, ನಡುದಾರಿಯ ಭಯಕ್ಕಾಗಿ ದೊಡ್ಡ ಬ್ಯಾಟರಿ ಕೊಳ್ಳುವ ಅಗತ್ಯವೇ ತಪ್ಪುತ್ತದೆ. ಅಪರೂಪದ ದಿನದ ಹೊರೆಯನ್ನು ಎಲ್ಲರೂ ಹಂಚಿಕೊಳ್ಳುವುದೆಂದರೆ ಇದು. 2025ರ ಫೆಬ್ರುವರಿಯಲ್ಲಿ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಮೂರು ದಿನ ಕುಂಭಮೇಳ ನಡೆಯಿತು. ಅಂತಹ ದಿನಗಳಲ್ಲಿ ಜನಸಾಗರವನ್ನು ದಂಡೆ ಮುಟ್ಟಿಸುವುದು ಬಸ್ಸು ಮತ್ತು ಕಾಲ್ನಡಿಗೆಯೇ ಹೊರತು ಮನೆಗೊಂದರಂತೆ ನಿಂತ ದೊಡ್ಡ ಕಾರುಗಳಲ್ಲ.

ಕೊನೆಗೆ, ಯಾರೂ ಬಾಯಿಬಿಟ್ಟು ಹೇಳದ ಕಾರಣವೊಂದಿದೆ. ಊರಿನಿಂದ ಹೊರಟು ಪೇಟೆಯಲ್ಲಿ ನೆಲೆಯೂರಿದವರಿಗೆ ಊರಿನ ಬೀದಿಯಲ್ಲಿ ನಿಲ್ಲುವ ಕಾರು ಒಂದು ಪ್ರಮಾಣಪತ್ರ. ಆ ಆಸೆಯನ್ನು ನಾನು ಹೀಗಳೆಯುವುದಿಲ್ಲ. ಸೀಟು ಸಿಗದ ಬಸ್ಸಿನಲ್ಲಿ ನಿಂತು ಓದಲು ಹೋದ ಪೀಳಿಗೆ ಅದು. ಆದರೆ ಹಳ್ಳಿಯ ಬೀದಿಗೆ ಅದರದೇ ಅಳತೆಯಿದೆ. ಎತ್ತಿನ ಗಾಡಿಗೆ ಸರಿಹೋಗುವಂತೆ ಬೆಳೆದ ಓಣಿಯಲ್ಲಿ ಎರಡು ಟನ್ನಿನ ಗಾಡಿ ನಿಂತರೆ ಹಾಲಿನವನ ಸ್ಕೂಟರು ಸುತ್ತಿಕೊಂಡು ಹೋಗಬೇಕಾಗುತ್ತದೆ.

ಅಣ್ಣನಿಗೆ ನಾನು ಬರೆದುಕೊಟ್ಟ ಸಲಹೆ ಚಿಕ್ಕದು. ದೊಡ್ಡ ಪೆಟ್ರೋಲ್ ಗಾಡಿ ಬೇಡ. ದೊಡ್ಡ ವಿದ್ಯುತ್ ಗಾಡಿ ಅದಕ್ಕಿಂತ ಮೇಲು, ಆದರೆ ಅದೂ ಅಗತ್ಯಕ್ಕಿಂತ ಹೆಚ್ಚು. ದಿನದ ಓಡಾಟಕ್ಕೂ ಅಮ್ಮನನ್ನು ನೋಡಿಬರುವುದಕ್ಕೂ ಸಾಲುವಷ್ಟು ಬ್ಯಾಟರಿಯಿರುವ, ನೆಲದಿಂದ ತುಸು ಎತ್ತರದ ಸಣ್ಣ ವಿದ್ಯುತ್ ಕಾರು ಸಾಕು. ಮಂತ್ರಾಲಯಕ್ಕೆ ಹೋಗುವ ವರ್ಷ ಎಲ್ಲರೂ ಸೇರಿ ಒಂದು ದೊಡ್ಡ ಗಾಡಿಯನ್ನು ಬಾಡಿಗೆಗೆ ಹಿಡಿಯೋಣ, ಇಲ್ಲವೇ ರೈಲು ಹತ್ತೋಣ. ಉಳಿಯುವ ಹತ್ತು ಹನ್ನೆರಡು ಲಕ್ಷಕ್ಕೆ ಊರಿನ ಮನೆಯ ಸೂರು ಸರಿಪಡಿಸಿ ಅದರ ಮೇಲೆ ಸೌರಫಲಕ ಹಾಕಿಸಬಹುದು. ತೀರ್ಮಾನ ಅವನದು. ಇಂಥ ಲೆಕ್ಕ ನಮ್ಮಂತಹ ಸಾವಿರಾರು ಮನೆಗಳಲ್ಲಿ ನಡೆದರೆ ಮಾರುಕಟ್ಟೆಯೂ ಸಣ್ಣ ಗಾಡಿಗಳ ಕಡೆಗೆ ತಿರುಗುತ್ತದೆ, ಸರ್ಕಾರವೂ ತೆರಿಗೆಯ ತಕ್ಕಡಿಯನ್ನು ಸರಿಪಡಿಸಬೇಕಾಗುತ್ತದೆ.